ಗೆರೆಯಾಚೆಯ ಮೇಷ್ಟ್ರು, ಗೆರೆಯೊಳಗಿನ ಹುಡುಗ

ಮೊನ್ನೆ ಸಂಜೆ ಬೇಕರಿ ಮುಂದೆ ನಮ್ಮ ಕ್ರಾಸಿನ ಹುಡುಗ ಸಿಕ್ಕಿದ್ದ. ಬಿ.ಕಾಂ ಎರಡನೇ ವರ್ಷ. ಚಿಕ್ಕಂದಿನಿಂದ ಫುಟ್‌ಬಾಲ್ ಹುಚ್ಚು. ಮಂಡಿ ನೋವು ಬಂದು ಆಡೋದು ಕಷ್ಟ ಆದ್ಮೇಲೆ ರೆಫರಿ ತರಬೇತಿ ಮುಗಿಸಿಕೊಂಡು, ಶನಿವಾರ ಭಾನುವಾರ ನಮ್ಮ ಕೊಡಿಗೇಹಳ್ಳಿ, ಸಹಕಾರನಗರ, ಯಲಹಂಕದ ಕಡೆ ಸ್ಕೂಲ್ ಮ್ಯಾಚುಗಳಿಗೆ ಹೋಗ್ತಿದ್ದ. "ಈ ವಾರ ಯಾವ ಗ್ರೌಂಡು?" ಅಂದೆ. ಟೀ ಲೋಟ ನೋಡ್ತಾ, "ಇನ್ಮೇಲೆ ಹೋಗಲ್ಲ ಅಂಕಲ್. ಸಾಕಾಯ್ತು" ಅಂದ.

ಕಾರಣ ಕೇಳೋ ಅಗತ್ಯ ಇರ್ಲಿಲ್ಲ. ಯಾಕಂದ್ರೆ ಹಿಂದಿನ ಶನಿವಾರದ ಮ್ಯಾಚಿಗೆ ನಾನೂ ಹೋಗಿದ್ದೆ. ಎಂಟನೇ ಕ್ಲಾಸಿನ ನನ್ನ ಮಗ ಒಂದು ಕಡೆಯ ಟೀಮಲ್ಲಿ ಲೆಫ್ಟ್ ಬ್ಯಾಕ್. ಯಾವ ಶಾಲೆ, ಯಾವ ಟೂರ್ನಮೆಂಟು, ಹೆಸರೆಲ್ಲ ಬೇಡ ಬಿಡಿ. ಆ ಹೆಸರು ತೆಗೆದು ಇನ್ನೊಂದು ಹಾಕಿದ್ರೂ ಕತೆ ಇದೇ.

ಆಗಿದ್ದು ಇಷ್ಟು. ಇಪ್ಪತ್ತನೇ ನಿಮಿಷದಲ್ಲಿ ಒಂದು ಥ್ರೋ-ಇನ್. ಬಾಲ್ ಯಾರ ಕಾಲಿಗೆ ತಾಗಿ ಹೊರಗೆ ಹೋಯ್ತು ಅನ್ನೋದಷ್ಟೇ ಪ್ರಶ್ನೆ. ಹುಡುಗ ಎದುರು ಟೀಮಿಗೆ ಕೊಟ್ಟ. ತಕ್ಷಣ ಗೆರೆ ಪಕ್ಕ ನಿಂತಿದ್ದ ಪಿ.ಟಿ. ಮೇಷ್ಟ್ರು ನಾಲ್ಕು ಹೆಜ್ಜೆ ಒಳಗೆ ಬಂದು, "ಏಯ್ ರೆಫ್ರೀ, ಕಣ್ ಕಾಣ್ಸಲ್ವೇನೋ? ನೀನು ಹುಟ್ಟೋಕ್ ಮುಂಚಿಂದ ಆಡಿಸ್ತಿದೀನಿ ಕಣೋ!" ಅಂದ್ರು. ಹುಡುಗ ಏನಂದ ಗೊತ್ತಾ? "ಸಾರಿ ಸರ್."

ಮ್ಯಾಚು ಆ ಕ್ಷಣಕ್ಕೇ ಅವನ ಕೈ ತಪ್ಪಿತು. ಮುಂದಿನ ಫೌಲಿಗೆ ಮಕ್ಕಳೇ ಎರಡೂ ಕೈ ಎತ್ತಿ ಅವನ ಮೇಲೆ ಕೂಗಾಡಿದ್ರು. ಆಮೇಲೆ ಎದುರು ಟೀಮಿನ ಕೋಚು, "ಅವರು ಬೈದ್ರೆ ಅವರಿಗೆ ಕೊಡ್ತೀಯಾ?" ಅಂತ ಶುರು ಮಾಡಿದ್ರು. ಆಮೇಲೆ ಅಪ್ಪ ಅಮ್ಮಂದಿರು. ಕೊನೆ ಹತ್ತು ನಿಮಿಷ ಆ ಹುಡುಗ ಪೀಪಿ ಊದಿದ್ದೇ ಕಮ್ಮಿ. ಊದಿದ್ರೆ ಬೈಗುಳ ತಾನೇ?

ಇಲ್ಲಿ ಒಂದು ವಿಷಯ ಒಪ್ಕೋಬೇಕು. ಕೂಗಿದವರಲ್ಲಿ ನಾನೂ ಒಬ್ಬ. ಬೈಯಲಿಲ್ಲ ನಿಜ, ಆದ್ರೆ "ರೆಫ್ರೀ, ನೋಡ್ರೀ ಸ್ವಲ್ಪ!" ಅಂತ ಎರಡು ಮೂರು ಸಲ ಅರಚಿದ್ದೆ. ಮನೆಗೆ ಬರುವಾಗ ಗಾಡಿಯಲ್ಲಿ ಹಿಂದೆ ಕೂತಿದ್ದ ಮಗ, "ಅಪ್ಪಾ, ನೀನೂ ಆ ಅಣ್ಣಂಗೆ ಕೂಗ್ತಿದ್ದೆ" ಅಂದ. ಕೊಡಿಗೇಹಳ್ಳಿ ಗೇಟ್ ದಾಟೋವರೆಗೂ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅವತ್ತು ರಾತ್ರಿ ಕೂತು ಫುಟ್‌ಬಾಲ್ ನಿಯಮದ ಪುಸ್ತಕ ಓದಿದೆ. ನಿಯಮ ಏನೂ ಕಮ್ಮಿ ಇಲ್ಲ ರೀ. ಮೊದಲು ರೆಫರಿ ಕೋಚ್‌ಗೆ ಬಾಯಲ್ಲಿ ಹೇಳಬಹುದಿತ್ತು, ತೀರಾ ಮಿತಿ ಮೀರಿದರೆ ಹೊರಗೆ ಕಳಿಸಬಹುದಿತ್ತು. ನಿಯಮ ರೂಪಿಸುವ ಇಂಟರ್‌ನ್ಯಾಷನಲ್ ಫುಟ್‌ಬಾಲ್ ಅಸೋಸಿಯೇಷನ್ ಬೋರ್ಡ್ 2019ರ ಜೂನ್ 1ರಿಂದ ಆಟಗಾರರಂತೆ ಕೋಚ್‌ಗಳಿಗೂ ಹಳದಿ, ಕೆಂಪು ಕಾರ್ಡ್ ತಂದಿತು. ಬೆಂಚಿನಿಂದ ಯಾರು ಕೂಗಿದ್ರು ಅಂತ ಗೊತ್ತಾಗದೇ ಹೋದ್ರೆ, ಅಲ್ಲಿರೋ ಹಿರಿಯ ಕೋಚ್‌ಗೇ ಕಾರ್ಡು!

ಮೂರು ಮೆಟ್ಟಿಲು ಇದೆ. ಸಣ್ಣದಾಗಿ ತಕರಾರು ತೆಗೆದ್ರೆ, ಒಂದೆರಡು ಸಲ ಗೆರೆ ದಾಟಿದ್ರೆ ಮಾತಿನ ಎಚ್ಚರಿಕೆ. ಪದೇ ಪದೇ ದಾಟಿದ್ರೆ, ನೀರಿನ ಬಾಟಲಿ ಒದ್ರೆ, ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದ್ರೆ, "ಕಾರ್ಡ್ ಕೊಡು, ಕಾರ್ಡ್ ಕೊಡು" ಅಂತ ಕೈ ಆಡಿಸ್ತಾನೇ ಇದ್ರೆ ಹಳದಿ. ರೆಫರಿ ಜೊತೆ ಜಗಳಕ್ಕೆ ಅಂತ ಮೈದಾನದೊಳಗೆ ನುಗ್ಗಿದ್ರೆ, ಅವಾಚ್ಯ ಮಾತಾಡಿದ್ರೆ, ಎರಡನೇ ಹಳದಿ ಬಿದ್ದರೆ ಕೆಂಪು. ಇನ್ನೊಂದು ಗಮನಿಸಿ. ಅವಾಚ್ಯ ಮಾತು ಯಾರಿಗೆ ಆಡಿದ್ರೆ ತಪ್ಪು ಅಂತ ನಿಯಮದಲ್ಲಿ ಬೇರೆ ಮಾಡಿ ಹೇಳಿಲ್ಲ. ಅಂದ್ರೆ ಕೋಚು ತನ್ನದೇ ಟೀಮಿನ ಹುಡುಗನಿಗೆ ಕೊಳಕು ಮಾತಲ್ಲಿ ಬೈದ್ರೂ ರೆಫರಿ ಸುಮ್ಮನಿರಬೇಕಿಲ್ಲ. "ಮಾರ್ಕ್ ಮಾಡೋ", "ಹಿಂದೆ ಬಾರೋ" ಅಂತ ಜೋರಾಗಿ ಕೂಗೋದು ಕೋಚಿನ ಕೆಲಸ, ಅದಕ್ಕೆ ಯಾರ ತಕರಾರೂ ಇಲ್ಲ.

ಹಾಗಾದ್ರೆ ತೊಂದರೆ ಎಲ್ಲಿ? ನನ್ನ ಪ್ರಕಾರ ಎರಡು ಕಡೆ.

ಒಂದು, ದೊಡ್ಡ ಮ್ಯಾಚಲ್ಲಿ ಕೋಚುಗಳನ್ನ ನೋಡ್ಕೊಳ್ಳೋಕೆ ಗೆರೆ ಪಕ್ಕದಲ್ಲೇ ನಾಲ್ಕನೇ ಅಧಿಕಾರಿ ಅಂತ ಒಬ್ಬರು ಇರ್ತಾರೆ. ಬೆಂಚಿನ ಮುಂದೆ ಟೆಕ್ನಿಕಲ್ ಏರಿಯಾ ಅಂತ ಗುರುತು ಇರುತ್ತೆ. ಬೆಂಚಿನ ಎರಡೂ ಪಕ್ಕಕ್ಕೆ 1 ಮೀಟರ್, ಮುಂದಕ್ಕೆ ಟಚ್‌ಲೈನಿಗೆ 1 ಮೀಟರ್ ಇರುವವರೆಗೆ. ಒಂದು ಹೊತ್ತಿಗೆ ಒಬ್ಬರು ಮಾತ್ರ ಅಲ್ಲಿ ನಿಂತು ಆಟಗಾರರಿಗೆ ಹೇಳಿಕೊಡಬಹುದು. ನಮ್ಮ ಸ್ಕೂಲ್ ಮ್ಯಾಚಲ್ಲಿ? ಮೈದಾನಗಳೇ ಲೇಔಟ್ ಆಗಿ ಹೋಗಿರೋ ಈ ಕಡೆ ಸಿಗೋದೇ ಇಕ್ಕಟ್ಟಿನ ಜಾಗ. ಸುಣ್ಣದ ಗೆರೆ ಅರ್ಧ ಅಳಿಸಿರುತ್ತೆ. ಫ್ಲ್ಯಾಗ್ ಹಿಡಿಯೋಕೆ ಇನ್ನೊಂದು ಟೀಮಿನ ಮಕ್ಕಳು. ಕೋಚು, ಅಪ್ಪ ಅಮ್ಮ, ಬ್ಯಾಗು, ನೀರಿನ ಕ್ಯಾನು ಎಲ್ಲ ಒಂದೇ ಕಡೆ ಗುಂಪು. ನಡುಮೈದಾನದಲ್ಲಿ ಓಡ್ತಿರೋ ಒಬ್ಬ ಹುಡುಗ ಆಟವನ್ನೂ ನೋಡಬೇಕು, ಈ ಜಾತ್ರೆಯನ್ನೂ ನೋಡಬೇಕು.

ಎರಡನೇದು ಇನ್ನೂ ದೊಡ್ಡದು. ನಮ್ಮಲ್ಲಿ ಮೇಷ್ಟ್ರಿಗೆ ಕಾರ್ಡ್ ತೋರಿಸೋದು ಹೇಗೆ? ಹತ್ತೊಂಬತ್ತು ವರ್ಷದ ಹುಡುಗ, ಐವತ್ತು ದಾಟಿದ "ಸರ್". ಬೆಳೆದದ್ದೆಲ್ಲ ಅಂಥವರ ಮುಂದೆ ಕೈ ಕಟ್ಟಿ ನಿಂತೇ. ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಂತೂ ಪೀಪಿ ಹಿಡಿಯೋರೂ ಸಾಮಾನ್ಯವಾಗಿ ದೈಹಿಕ ಶಿಕ್ಷಕರೇ. ಬೆಳಿಗ್ಗೆ ರೆಫರಿ ಆದವರು ಮಧ್ಯಾಹ್ನ ಕೋಚು. ಇವತ್ತು ನಾನು ನಿನಗೆ ಕಾರ್ಡ್ ತೋರಿಸಿದ್ರೆ ನಾಳೆ ನೀನು ನನಗೆ ತೋರಿಸ್ತೀಯ ಅನ್ನೋ ಲೆಕ್ಕ ಇಬ್ಬರ ತಲೆಯಲ್ಲೂ ಓಡ್ತಿರುತ್ತೆ. ಹಾಗಾಗಿ ಕಾರ್ಡು ಜೇಬಲ್ಲೇ ಉಳಿಯುತ್ತೆ.

ಮಕ್ಕಳು ನೋಡಿ ಕಲಿಯೋದು ಏನನ್ನ? 2023ರ ಮಾರ್ಚ್ 3ರಂದು ನಮ್ಮ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್ಎಲ್ ನಾಕೌಟ್ ನಡೀತಿತ್ತಲ್ಲ, ನೆನಪಿದೆಯಾ? ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಸಜ್ಜಾಗೋ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದ್ರು. ರೆಫರಿ ಗೋಲು ಕೊಟ್ರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಟೀಮನ್ನೇ ಮೈದಾನದಿಂದ ಹೊರಗೆ ಕರ್ಕೊಂಡು ಹೋಗ್ಬಿಟ್ರು. ಆಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ, 5 ಲಕ್ಷ ದಂಡ ಹಾಕಿತು. ಆ ಗೋಲು ಸರಿಯೋ ತಪ್ಪೋ ಅಂತ ನಮ್ಮ ಆಫೀಸಿನ ಮಲಯಾಳಿ ಗೆಳೆಯನ ಜೊತೆ ನನಗೆ ಇವತ್ತಿಗೂ ಜಗಳ ಇದೆ :-) ಆದ್ರೆ ಒಂದು ಮಾತು. ಅಲ್ಲಿ ರೆಫರಿ ಹಿಂದೆ ಒಂದು ಫೆಡರೇಷನ್ ನಿಂತಿತ್ತು. ನಮ್ಮ ಕ್ರಾಸಿನ ಹುಡುಗನ ಹಿಂದೆ ಯಾರಿದ್ರು?

ಇದು ಬರೀ ಬೇಜಾರಿನ ವಿಷಯ ಅಂತ ತಳ್ಳಿಹಾಕೋ ಹಾಗೂ ಇಲ್ಲ. 2012ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಆಲ್ಮೆರೆ ಊರಲ್ಲಿ ಹುಡುಗರ ಮ್ಯಾಚೊಂದು ಮುಗಿದ ಮೇಲೆ, ಮಗನ ಟೀಮಿಗಾಗಿ ಲೈನ್ಸ್‌ಮನ್ ಆಗಿ ನಿಂತಿದ್ದ ತಂದೆಯೊಬ್ಬರನ್ನ ಎದುರು ಟೀಮಿನವರು ಹೊಡೆದು ಹಾಕಿದ್ರು. ಮರುದಿನ ಅವರು ತೀರಿಕೊಂಡ್ರು. ಶಿಕ್ಷೆ ಆದವರಲ್ಲಿ ಹದಿಹರೆಯದ ಹುಡುಗರ ಜೊತೆ ಒಬ್ಬ ಆಟಗಾರನ ಅಪ್ಪನೂ ಇದ್ದ. ನಮ್ಮಲ್ಲಿ ಹಾಗಾಗುತ್ತೆ ಅಂತ ಹೆದರಿಸ್ತಿಲ್ಲ. ಆದ್ರೆ ಗೆರೆಯಾಚೆ ದೊಡ್ಡವರು ರೆಫರಿ ಮೇಲೆ ಏರಿ ಹೋಗೋದನ್ನ ಮಕ್ಕಳು ವರ್ಷಗಟ್ಟಲೆ ನೋಡಿದ್ರೆ, ರೆಫರಿ ಅಂದ್ರೆ ಯಾರು ಬೇಕಾದ್ರೂ ಏನು ಬೇಕಾದ್ರೂ ಅನ್ನಬಹುದಾದ ಆಸಾಮಿ ಅಂತಾನೇ ಕಲೀತಾರೆ.

ಹಾಗಂತ ಕಂಡ ಕಂಡಲ್ಲಿ ಕಾರ್ಡ್ ಹಿಡೀರಿ ಅಂತ ನಾನು ಹೇಳ್ತಿಲ್ಲ. ಹೋದ ವರ್ಷ ಯಲಹಂಕದ ಕಡೆ ಒಂದು ಮ್ಯಾಚಲ್ಲಿ ನಲವತ್ತರ ಆಸುಪಾಸಿನ ಒಬ್ಬ ಮೇಡಂ ರೆಫರಿ ಆಗಿದ್ರು. ಶುರುವಾಗೋ ಮೊದಲೇ ಇಬ್ಬರು ಕೋಚುಗಳ ಹತ್ರ ಹೋಗಿ ಕೈ ಕುಲುಕಿ, "ನಿಮ್ಮ ಕಡೆಯಿಂದ ಯಾರು ಮಾತಾಡ್ತೀರ?" ಅಂತ ಕೇಳಿಟ್ಕೊಂಡ್ರು. ಚೀಲದಿಂದ ಸುಣ್ಣ ತಗೊಂಡು ತಾವೇ ಎರಡು ಚೌಕ ಹಾಕಿದ್ರು. ಮ್ಯಾಚಲ್ಲಿ ಒಬ್ಬ ಕೋಚು ಕೂಗಾಟ ಶುರು ಮಾಡಿದಾಗ ದೂರದಿಂದ ಬೆರಳು ತೋರಿಸಲಿಲ್ಲ. ಬಾಲ್ ಹೊರಗೆ ಹೋಗೋವರೆಗೆ ಕಾದು, ಓಡಿ ಹತ್ರ ಹೋಗಿ, ಮಕ್ಕಳಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಏನೋ ಹೇಳಿದ್ರು. ನಾನು ಪಕ್ಕದಲ್ಲೇ ನಿಂತಿದ್ರಿಂದ ಕೇಳಿಸ್ತು: "ಸರ್, ಮಕ್ಕಳಿಗೆ ಹೇಳೋದೆಲ್ಲ ಹೇಳಿ. ನನಗೆ ಹೇಳೋದು ಇದ್ರೆ ಹಾಫ್‌ಟೈಮಲ್ಲಿ ಬಂದು ಹೇಳಿ, ಕೇಳ್ತೀನಿ." ಇಷ್ಟೇ. ಸೆಕೆಂಡ್ ಹಾಫಲ್ಲಿ ಅದೇ ಕೋಚು ಮತ್ತೆ ಒಳಗೆ ಬಂದಾಗ ಒಂದು ಮಾತೂ ಆಡದೆ ಹಳದಿ ಕಾರ್ಡ್ ತೋರಿಸಿ, ಪುಸ್ತಕದಲ್ಲಿ ಬರ್ಕೊಂಡು, ವಾಪಸ್ ಓಡಿದ್ರು. ಆಮೇಲೆ ಪಿಟ್ಟೆನ್ನಲಿಲ್ಲ ಆ ಮನುಷ್ಯ! ಮ್ಯಾಚ್ ಮುಗಿದ ಮೇಲೆ ಬಂದು ಕೈ ಕುಲುಕಿದ್ದೂ ಆಯ್ತು.

ಮೊದಲು ಮರ್ಯಾದೆ ಕೊಟ್ರು, ಆಮೇಲೆ ಕಾರ್ಡ್ ಕೊಟ್ರು. ಎರಡೂ ಒಟ್ಟಿಗೆ ಸಾಧ್ಯ ಅಂತ ನಂಗೆ ಗೊತ್ತಾಗಿದ್ದು ಅವತ್ತೇ. ನಮ್ಮ ಹುಡುಗ ಮರ್ಯಾದೆ ಅಂದ್ರೆ ಸಾರಿ ಕೇಳೋದು ಅಂದ್ಕೊಂಡಿದ್ದ. ಅದು ಅವನ ತಪ್ಪಲ್ಲ, ನಾವು ಕಲಿಸಿದ್ದೇ ಹಾಗೆ.

ಪಿ.ಟಿ. ಮೇಷ್ಟ್ರುಗಳ ಪರವಾಗಿಯೂ ಒಂದು ಮಾತು. ಅವರಿಗೆ ಹಿಂದೆ ಮ್ಯಾನೇಜ್‌ಮೆಂಟಿನ ಒತ್ತಡ ಇರುತ್ತೆ. ಕಪ್ಪು ಬಂದ್ರೆ ಶಾಲೆಯ ಬ್ಯಾನರಲ್ಲಿ ಫೋಟೋ, ಸೋತ್ರೆ ಸ್ಟಾಫ್ ರೂಮಲ್ಲಿ ಪ್ರಶ್ನೆ. ಮಕ್ಕಳಿಗೆ ಸರ್ಟಿಫಿಕೇಟು, ಕ್ರೀಡಾ ಕೋಟಾ ಅಂತ ಅಪ್ಪ ಅಮ್ಮಂದಿರ ಆಸೆ ಬೇರೆ. ಅವರ ಕಷ್ಟ ಅರ್ಥ ಆಗುತ್ತೆ. ಆದ್ರೆ ಆ ಸಿಟ್ಟನ್ನ ಹೊತ್ಕೊಳ್ಳಬೇಕಾದವನು ಪೀಪಿ ಹಿಡಿದ ಹುಡುಗ ಅಲ್ಲ.

ಇನ್ನೊಂದು ನಿಜವಾದ ತೊಡಕಿದೆ. ಸ್ಕೂಲ್ ಟೀಮಿನ ಜೊತೆ ಬರೋದು ಬಹಳ ಸಲ ಒಬ್ಬರೇ ಮೇಷ್ಟ್ರು. ಅವರಿಗೇ ಕೆಂಪು ಕಾರ್ಡ್ ಕೊಟ್ಟು ಕಳಿಸಿದ್ರೆ ಹದಿನೈದು ಮಕ್ಕಳನ್ನ ನೋಡ್ಕೊಳ್ಳೋರು ಯಾರು? ಯಾರಿಗಾದ್ರೂ ಪೆಟ್ಟಾದ್ರೆ? ಈ ಭಯಕ್ಕೇ ಎಷ್ಟೋ ರೆಫರಿಗಳು ಸುಮ್ಮನಾಗ್ತಾರೆ. ಟೀಮಿನ ಒಬ್ಬರೇ ವೈದ್ಯರು ಕೆಂಪು ಕಾರ್ಡಿನ ತಪ್ಪು ಮಾಡಿದ್ರೆ, ಬೇರೆ ವೈದ್ಯರಿಲ್ಲದಿದ್ದಲ್ಲಿ ಅವರು ಅಲ್ಲೇ ಉಳಿಯಬಹುದು ಅಂತ ನಿಯಮದಲ್ಲೇ ವಿನಾಯಿತಿ ಇದೆ. ಒಬ್ಬರೇ ಮೇಷ್ಟ್ರಿಗೆ ಅಂಥ ವಿನಾಯಿತಿ ಇಲ್ಲ. ಆ ದಾರಿ ಟೂರ್ನಮೆಂಟ್ ನಡೆಸೋರೇ ಹುಡುಕಬೇಕು.

ನನಗೆ ತೋಚಿದ್ದು ಇಷ್ಟು:

1. ಪ್ರತಿ ಶಾಲೆ ಟೀಮಿನ ಜೊತೆ ಇಬ್ಬರು ದೊಡ್ಡವರನ್ನ ಕಳಿಸಲೇಬೇಕು. ಒಬ್ಬರಿಗೆ ಕೆಂಪು ಬಿದ್ರೆ ಇನ್ನೊಬ್ಬರು ಮಕ್ಕಳ ಜೊತೆ ಇರ್ತಾರೆ. ಇದಿಲ್ಲದೆ ರೆಫರಿ ಕೈಲಿರೋ ಕೆಂಪು ಕಾರ್ಡು ಬರೀ ಬಣ್ಣದ ರಟ್ಟು.

2. ಕೋಚಿಗೆ ಒಂದು ಚೌಕ. ಒಂದು ಬುಟ್ಟಿ ಸುಣ್ಣ ಸಾಕು. ಅಪ್ಪ ಅಮ್ಮಂದಿರು ಎದುರು ಬದಿಗೆ, ಗೆರೆಯಿಂದ ಹಿಂದೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ ಶುರು ಮಾಡಿದ "ರೆಸ್ಪೆಕ್ಟ್" ಕಾರ್ಯಕ್ರಮದಲ್ಲಿ ಪ್ರೇಕ್ಷಕರಿಗೆ ಹೀಗೇ ಬೇರೆ ಜಾಗ ಗುರುತು ಮಾಡಿದ್ರು.

3. ಚಿಕ್ಕ ರೆಫರಿ ಇರೋ ಮ್ಯಾಚಿಗೆ ಸಂಘಟಕರಲ್ಲಿ ಒಬ್ಬ ಹಿರಿಯರು ಗೆರೆ ಪಕ್ಕ ನಿಲ್ಲಲಿ. ಥ್ರೋ-ಇನ್ ತೀರ್ಮಾನ ಮಾಡೋದಕ್ಕಲ್ಲ, ಕೋಚಿನ ಪಕ್ಕ ಇರೋದಕ್ಕೆ.

4. ರೆಫರಿ ಬರೆದ ವರದಿಯನ್ನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕಳಿಸಬೇಕು. ಬರೆದದ್ದು ಎಲ್ಲೋ ಫೈಲಲ್ಲಿ ಸತ್ತುಹೋದ್ರೆ ಮುಂದಿನ ಸಲ ಯಾರೂ ಬರೆಯಲ್ಲ.

ಇದರಲ್ಲಿ ಯಾವುದಕ್ಕೂ ದೊಡ್ಡ ದುಡ್ಡು ಬೇಡ. ಎರಡನೇದನ್ನ ನಾನೇ ಶುರು ಮಾಡ್ತೀನಿ ಅಂತ ಮಗನಿಗೆ ಮಾತು ಕೊಟ್ಟಿದೀನಿ. ಮುಂದಿನ ಮ್ಯಾಚಲ್ಲಿ ಎದುರು ಬದಿ, ಬಾಯಿ ಮುಚ್ಕೊಂಡು. ಎಷ್ಟು ಹೊತ್ತು ಸಾಧ್ಯ ಆಗುತ್ತೋ ನೋಡ್ಬೇಕು!

ಬೇಕರಿ ಮುಂದೆ ಆ ಹುಡುಗನಿಗೆ ನಾನೂ ಸಾರಿ ಕೇಳಿದೆ. ಅವನಿಗೆ ನಾಚಿಕೆ ಆಯ್ತು, "ಅಯ್ಯೋ ಬಿಡಿ ಅಂಕಲ್, ನೀವೇನು ಬೈದಿಲ್ವಲ್ಲ" ಅಂದ. ಯಲಹಂಕದ ಆ ಮೇಡಂ ಕತೆ ಹೇಳಿದೆ. ಟೀ ಮುಗಿಸೋವರೆಗೂ ಕೇಳಿಸ್ಕೊಂಡ. ಹೊರಡುವಾಗ "ಚೌಕ ಅವರೇ ಹಾಕಿದ್ರಾ ಅಂಕಲ್? ಸುಣ್ಣ ಮನೆಯಿಂದ ತಂದಿದ್ರಾ?" ಅಂತ ಕೇಳಿದ.

ಬರ್ತಾನೋ ಇಲ್ವೋ ಗೊತ್ತಿಲ್ಲ. ಬಂದ್ರೆ ಸುಣ್ಣ ನಾನು ಕೊಡಿಸ್ತೀನಿ.

ನಿಮ್ಮಲ್ಲಿ ಯಾರಾದ್ರೂ ಪಿ.ಟಿ. ಮೇಷ್ಟ್ರು, ರೆಫರಿಗಳು ಇದ್ರೆ, ನಾನು ಹೇಳಿದ್ದರಲ್ಲಿ ಎಲ್ಲಿ ತಪ್ಪಿದೆ ಅಂತ ಹೇಳಿ. ಬೈದ್ರೂ ಪರವಾಗಿಲ್ಲ... ಸಣ್ಣ ದನಿಯಲ್ಲಿ ಇರ್ಲಿ :-)