ತಾಯತದೊಳಗಿನ ಭಯ

ಈಜಿಪ್ಟ್ ಎಂದ ಕೂಡಲೇ ನಮಗೆ ನೆನಪಾಗುವುದು ಪಿರಮಿಡ್, ಮಮ್ಮಿ ಮತ್ತು ಟುಟಾಂಖಾಮುನ್‌ನ ಚಿನ್ನದ ಮುಖವಾಡ. 1922ರಲ್ಲಿ ಹೊವಾರ್ಡ್ ಕಾರ್ಟರ್ ಆ ದೊರೆಯ ಗೋರಿಯನ್ನು ಪತ್ತೆಹಚ್ಚಿದರು. ಮುಂದೆ ಮಮ್ಮಿಯ ಬಟ್ಟೆಯ ಸುತ್ತುಗಳನ್ನು ಬಿಚ್ಚಿದಾಗ ಒಡವೆ, ತಾಯತಗಳೂ ಸೇರಿ 140ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಸೈನ್ಯ, ಸಂಪತ್ತು ಎಲ್ಲವೂ ಇದ್ದ ದೊರೆಗೇ ಇಷ್ಟೊಂದು ರಕ್ಷೆ ಬೇಕಾಗಿತ್ತೆಂದರೆ ಸಾಮಾನ್ಯರ ಪಾಡೇನು?

ಸಾಮಾನ್ಯರಿಗೂ ತಾಯತಗಳಿದ್ದವು. ಬೆಣಚುಕಲ್ಲಿನ ಪುಡಿಯನ್ನು ಮಣ್ಣಿನ ಅಚ್ಚಿಗೆ ಒತ್ತಿ, ಸುಟ್ಟು, ತಾಮ್ರದಿಂದ ನೀಲಿ-ಹಸಿರು ಹೊಳಪು ಬರಿಸಿದ ಅಗ್ಗದ ತಾಯತಗಳವು. ಹಸಿರು ಅವರಿಗೆ ಚಿಗುರಿನ, ಬದುಕಿನ ಬಣ್ಣ. ಇವನ್ನು ‘ಮೂಢನಂಬಿಕೆ’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ನನಗೆ ಒಂದೊಂದು ತಾಯತದಲ್ಲೂ ಒಂದೊಂದು ಭಯ ಕಾಣುತ್ತದೆ. ಬಸುರಿಯರು ಹೆರಿಗೆಯ ಅಪಾಯಕ್ಕೆ ಹೆದರಿ ನೀರಾನೆಯ ರೂಪದ ತಾವೆರೆತ್ ದೇವತೆಯನ್ನು ಧರಿಸಿದರು. ಸೇಥ್‌ನಿಂದ ಗಾಯಗೊಂಡು ಮತ್ತೆ ವಾಸಿಯಾದ ಹೋರಸ್‌ನ ಕಣ್ಣು, ಕೆಟ್ಟದ್ದು ಸರಿಹೋಗುತ್ತದೆ ಎಂಬ ಭರವಸೆಯಾಯಿತು. ಸಗಣಿಯ ಉಂಡೆ ಉರುಳಿಸುವ ಜೀರುಂಡೆಯಲ್ಲಿ ಅವರು ದಿನವೂ ಹೊಸದಾಗಿ ಹುಟ್ಟುವ ಸೂರ್ಯನನ್ನು ಕಂಡರು.

ಇನ್ನೊಂದು ಬಗೆಯ ತಾಯತವಂತೂ ನಮಗೆ ತೀರಾ ಪರಿಚಿತ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಅಲ್ಲಿನ ಹೆತ್ತವರು ಮಗುವಿಗಾಗಿ ದೇವರ ಅಭಯವನ್ನು ಪಪೈರಸ್ ಪಟ್ಟಿಯ ಮೇಲೆ ಬರೆಯಿಸಿ, ಸುರುಳಿ ಸುತ್ತಿ, ಪುಟ್ಟ ಕೊಳವೆಯಲ್ಲಿಟ್ಟು ಕೊರಳಿಗೆ ಕಟ್ಟುತ್ತಿದ್ದರು. ಹಾವು, ಚೇಳು, ಕಾಯಿಲೆ ಎಂದು ಅದರಲ್ಲಿ ಅಪಾಯಗಳ ಉದ್ದನೆಯ ಪಟ್ಟಿಯೇ ಇರುತ್ತಿತ್ತು. ನಮ್ಮೂರ ಅಜ್ಜಿಯರು ಮಕ್ಕಳಿಗೆ ಕಟ್ಟಿಸುವ ತಾಯತಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹಾಗೆಂದು ಆ ಜನ ತಾಯತ ಕಟ್ಟಿ ಕೈಕಟ್ಟಿ ಕೂರಲಿಲ್ಲ. ಕ್ರಿ.ಪೂ. 1600ರ ಸುಮಾರಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲಿ ಗಾಯ, ಮೂಳೆಮುರಿತಗಳ 48 ಪ್ರಕರಣಗಳಿವೆ. ವೈದ್ಯ ಮುಟ್ಟಿ ಪರೀಕ್ಷಿಸುತ್ತಾನೆ. ಇದನ್ನು ವಾಸಿ ಮಾಡಬಲ್ಲೆ, ಇದರೊಂದಿಗೆ ಹೋರಾಡುತ್ತೇನೆ, ಇದು ನನ್ನಿಂದಾಗದು ಎಂದು ತೀರ್ಮಾನ ಹೇಳುತ್ತಾನೆ. ಅಲ್ಲಿ ಮಂತ್ರದ ಮೊರೆ ತೀರಾ ವಿರಳ. ತಾಯತ ಧೈರ್ಯಕ್ಕಿತ್ತು, ಚಿಕಿತ್ಸೆಯೂ ನಡೆಯುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಹೃದಯದ ತಾಯತ. ಸತ್ತವರ ಹೃದಯವನ್ನು ಸತ್ಯದೇವತೆ ಮಾತ್‌ಳ ಗರಿಯೊಂದಿಗೆ ತೂಗಲಾಗುತ್ತದೆ ಎಂದು ಅವರು ನಂಬಿದ್ದರು. ಅದಕ್ಕಾಗಿ ಮಮ್ಮಿಯ ಎದೆಯ ಮೇಲೆ ಕಲ್ಲಿನ ಜೀರುಂಡೆಯನ್ನಿಟ್ಟು, ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಎಂದು ಹೃದಯವನ್ನು ಬೇಡುವ ಮಾತುಗಳನ್ನು ಅದರ ಅಡಿಯಲ್ಲಿ ಕೆತ್ತುತ್ತಿದ್ದರು. ಹೊರಗಿನ ಹಾವು ಚೇಳಿಗೆ ತಾಯತ ಕಟ್ಟಿದ ಜನ ಕೊನೆಗೆ ಹೆದರಿದ್ದು ಎಲ್ಲವನ್ನೂ ಬಲ್ಲ ತಮ್ಮದೇ ಹೃದಯಕ್ಕೆ!

ಸಂದರ್ಶನಕ್ಕೆ ಹೋಗುವಾಗ ಅಮ್ಮ ಕಟ್ಟಿದ ಕಪ್ಪು ದಾರವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಳ್ಳುವವರು ನಮ್ಮಲ್ಲಿ ಎಷ್ಟೋ ಮಂದಿ. ಅದಕ್ಕೆ ನಾಚಬೇಕಿಲ್ಲ. ಅದು ಅಮ್ಮನ ಆತಂಕ, ಪ್ರೀತಿ ಎರಡೂ ಹೌದು. ಆದರೆ ಅದನ್ನೇ ನಂಬಿ ಓದು ಬಿಟ್ಟರೆ, ಕಾಯಿಲೆಗೆ ವೈದ್ಯರ ಬದಲು ಮಂತ್ರವಾದಿಯ ಬಳಿ ಓಡಿದರೆ, ನಾವು ಆ ಪಪೈರಸ್ ಬರೆದವರಿಗಿಂತ ಹಿಂದಿದ್ದೇವೆ ಎಂದೇ ಅರ್ಥ. ಸಿದ್ಧತೆ ಎಷ್ಟಾಗಿದೆ ಎಂಬುದು ದಾರಕ್ಕೆ ಗೊತ್ತಿರುವುದಿಲ್ಲ, ನಮ್ಮ ಹೃದಯಕ್ಕೆ ಗೊತ್ತಿರುತ್ತದೆ. ಅದು ನಮ್ಮ ಪರವಾಗಿಯೇ ಸಾಕ್ಷಿ ಹೇಳುವಂತೆ ದುಡಿಯೋಣ.