ಮುಯ್ಯಾಳು ಮರೆತ ಅಂಗಡಿಗಳು

ಕಳೆದ ತಿಂಗಳು ನಮ್ಮ ಶಾಲೆಯ ತಾಯಂದಿರ ವಾಟ್ಸಾಪ್ ಗುಂಪಿಗೆ ಒಂದು ಸೂಚನೆ ಬಂತು. "ಇನ್ನು ಮುಂದೆ ಅವರವರ ಸಾಮಾನಿನ ಫೋಟೋ ಅವರವರೇ ಹಾಕುವುದು. ಬೇರೆಯವರದ್ದನ್ನು ಹಂಚುವುದು ಬೇಡ. ಎಲ್ಲರ ಫೋನೂ ತುಂಬುತ್ತದೆ." ಬರೆದವರು ಕೆಟ್ಟವರಲ್ಲ. ಅದರ ಕೆಳಗೆ ಹೆಬ್ಬೆರಳು ಒತ್ತಿದ 11 ಮಂದಿಯೂ ಕೆಟ್ಟವರಲ್ಲ, ಅವರಲ್ಲಿ ಇಬ್ಬರು ನಮ್ಮ ಹಳೆ ವಿದ್ಯಾರ್ಥಿನಿಯರೇ. ಆದರೂ ಹೇಳದೆ ಇರಲಾಗುವುದಿಲ್ಲ. ಈ ನಿರ್ಧಾರ ತಪ್ಪು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು ಕಾಸರಗೋಡಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಮಂಗಳೂರಿನ ಕೆಲಸ ನಿಂತಿತು, ಕೊಲ್ಲಿಯಿಂದ ಬರುತ್ತಿದ್ದ ಹಣ ನಿಂತಿತು, ಬೀಡಿ ಕೆಲಸ ಅದಕ್ಕಿಂತ ಮೊದಲೇ ಸೊರಗಿತ್ತು. ಆನ್‌ಲೈನ್ ಕ್ಲಾಸಿಗೆಂದು ಮನೆಗೆ ಬಂದ ಫೋನು ಮಕ್ಕಳು ಮಲಗಿದ ಮೇಲೆ ತಾಯಂದಿರ ಕೈಗೆ ಬಂತು. ಒಬ್ಬರು ಬಟ್ಟೆ ಚೀಲ ಹೊಲಿದು ಫೋಟೋ ಹಾಕಿದರು, ಇನ್ನೊಬ್ಬರು ಕ್ರೋಶ ಹಾಕಿದ ಬಾಗಿಲ ತೋರಣ, ಮತ್ತೊಬ್ಬರು ಮಣ್ಣಿನ ಓಲೆ, ಹಾಳೆಟೊಪ್ಪಿ, ಮುಂಡೇವು ಚಾಪೆ... ಯಾರಿಗೂ ವ್ಯಾಪಾರ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ನಾನು ನಿನ್ನದನ್ನು ನನ್ನ ತಂಗಿಗೆ, ಅವಳ ಆಫೀಸಿನವರಿಗೆ ತೋರಿಸುತ್ತೇನೆ. ನೀನು ನನ್ನದನ್ನು ನಿನ್ನ ತವರಿನವರಿಗೆ ತೋರಿಸು.

ಇದಕ್ಕೆ ಈಗ 'ಪರಸ್ಪರ ಪ್ರಚಾರ' ಎಂದು ದೊಡ್ಡ ಹೆಸರಿಟ್ಟಿದ್ದಾರೆ. ನಮ್ಮ ಅಜ್ಜಂದಿರಿಗೆ ಇದು ಮುಯ್ಯಾಳು. ಗದ್ದೆ ಇದ್ದ ಕಾಲದಲ್ಲಿ ಇಂದು ನಿಮ್ಮ ನೇಜಿಗೆ ನಮ್ಮ ಮನೆಯವರು, ನಾಳಿದ್ದು ನಮ್ಮ ನೇಜಿಗೆ ನಿಮ್ಮ ಮನೆಯವರು. ಕೂಲಿಯ ಲೆಕ್ಕವಿಲ್ಲ, ಆದರೆ ಯಾರು ಬಂದಿದ್ದರು ಯಾರು ಬರಲಿಲ್ಲ ಎಂಬುದು ಎಲ್ಲರಿಗೂ ನೆನಪಿರುತ್ತಿತ್ತು! ತಮ್ಮ ನೇಜಿ ಮುಗಿದ ಕೂಡಲೇ ಬೆನ್ನುನೋವು ಬರುವವರು ಆಗಲೂ ಇದ್ದರು.

ಈಗ ವಾದಕ್ಕೆ ಬರೋಣ. ಚೀಲ ಹೊಲಿಯುವವರೊಬ್ಬರು ನಮ್ಮ ಹತ್ತಿರ ಕೇಳಿದ್ದು ಹೀಗೆ: "ಮಾಷ್ಟ್ರೇ, ಅವಳ ಚೀಲ ನಾನೇ ತೋರಿಸಿದರೆ ನನ್ನ ಚೀಲ ಯಾರು ತೆಗೆದುಕೊಳ್ಳುತ್ತಾರೆ?" ನ್ಯಾಯವಾದ ಪ್ರಶ್ನೆ. ಉತ್ತರ ಅವರ ಕಣ್ಣೆದುರೇ ನಡೆದಿದೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಮನೆಯವರು ಗೃಹಪ್ರವೇಶದ ತಾಂಬೂಲಕ್ಕೆ 150 ಚೀಲ ಕೇಳಿದರು, 12 ದಿನದೊಳಗೆ. ಒಂದು ಹೊಲಿಗೆ ಯಂತ್ರದಿಂದ, ಮಧ್ಯೆ ಮಧ್ಯೆ ಅಡುಗೆ ಕೋಣೆಗೆ ಎದ್ದು ಹೋಗುವ ಕೈಯಿಂದ, ಅಷ್ಟು ಆಗುವುದಿಲ್ಲ. ಆಗ ಮೂವರು ಹಂಚಿಕೊಂಡು ಹೊಲಿದು ಕಳುಹಿಸಿದರು. ಮೂವರ ಹೊಲಿಗೆಯೂ ಪರಸ್ಪರ ಗೊತ್ತಿತ್ತು. ಯಾಕೆಂದರೆ ಒಬ್ಬರ ಫೋಟೋವನ್ನು ಇನ್ನೊಬ್ಬರು ಹಂಚಿ ಹಂಚಿ ಯಾರ ಅಂಚು ನೇರ, ಯಾರ ಹಿಡಿ ಗಟ್ಟಿ ಎಂದು ಬಾಯಿಪಾಠವಾಗಿತ್ತು.

ಈ ಸಲ ಅಂಥದ್ದೇ ಇನ್ನೊಂದು ಬೇಡಿಕೆ ಬಂದಾಗ, ಸಂಪರ್ಕ ತಪ್ಪಿದ್ದರಿಂದ, "ನನ್ನಿಂದ ಅಷ್ಟು ಆಗುವುದಿಲ್ಲ" ಎಂದು ಹೇಳಿ ಫೋನಿಟ್ಟದ್ದಾಯಿತು. ಕೇಳಿದವರು ಯಂತ್ರದಲ್ಲಿ ಅಚ್ಚು ಹಾಕಿದ ಚೀಲ ತರಿಸಿಕೊಂಡರಂತೆ. ಹಾಗಾದರೆ ಪ್ರತಿಸ್ಪರ್ಧಿ ಯಾರು? ಪಕ್ಕದ ಮನೆಯ ಸರೋಜಕ್ಕನೋ (ಹೆಸರು ಬದಲಿಸಿದ್ದೇವೆ), ಗಂಟೆಗೆ ನೂರಾರು ಚೀಲ ಉಗುಳುವ ಆ ಯಂತ್ರವೋ?

ಎರಡನೆಯ ಆಕ್ಷೇಪ, ಇದು ಭಿಕ್ಷೆ ಬೇಡಿದ ಹಾಗೆ, ಒಳ್ಳೆಯ ವಸ್ತು ತಾನಾಗಿಯೇ ಮಾರಿಹೋಗುತ್ತದೆ ಎಂಬುದು. ಹೇಳುವವರು ಹೆಚ್ಚಾಗಿ ಸಂಬಳದವರು, ನಮ್ಮ ಸ್ಟಾಫ್ ರೂಮಿನವರೂ ಸೇರಿದ ಹಾಗೆ. ಮುಂಡೇವು ಚಾಪೆ ಹೇಗೆ ತಾನಾಗಿ ಮಾರಿಹೋಗುತ್ತದೋ ನೋಡೋಣ. ನಮ್ಮ 6ನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಚಾಪೆ ನೇಯುತ್ತಾರೆ. ತೋಡಿನ ಬದಿಯಿಂದ ಓಲೆ ಕಡಿದು ತಂದು, ಎರಡೂ ಅಂಚಿನ ಮುಳ್ಳು, ನಡುವಿನ ಮುಳ್ಳು ತೆಗೆದು, ಒಣಗಿಸಿ, ಸುರುಳಿ ಸುತ್ತಿಟ್ಟು, ಒಂದೇ ಅಗಲಕ್ಕೆ ಸೀಳಿ ನಂತರ ನೇಯ್ಗೆಗೆ ಕೂರಬೇಕು. ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಹೋರಾಟ. ಅವರ ಬೆರಳುಗಳನ್ನು ನೋಡಿದರೆ ಬೆಲೆ ಕೇಳಲು ನಾಚಿಕೆಯಾಗುತ್ತದೆ. ಅವರಲ್ಲಿರುವುದು ಒತ್ತುವ ಗುಂಡಿಯ ಫೋನು, ಅದರಲ್ಲಿ ಫೋಟೋ ಇಲ್ಲ, ವಾಟ್ಸಾಪ್ ಇಲ್ಲ. ಇಷ್ಟು ಕಾಲ ಅವರ ಚಾಪೆ ಮಾರಿದ್ದು ಬೇರೆಯವರ ಫೋನಿನಿಂದ. ಚೀಲದವರು, ತೋರಣದವರು, ಓಲೆಯವರು ತಮ್ಮದರ ಜೊತೆ "ನಮ್ಮ ಅಜ್ಜಿಯ ಚಾಪೆ" ಎಂದು ಹಾಕುತ್ತಿದ್ದರು. ಈಗ 'ಅವರವರದ್ದು ಅವರವರೇ'. ಅಜ್ಜಿಯದ್ದು ಯಾರು? ಆ ಸೂಚನೆ ಬರೆದವರಿಗೆ ಇದು ಹೊಳೆದಿರಲಿಕ್ಕಿಲ್ಲ. ಹೊಳೆಯಬೇಕಿತ್ತು.

ಮೂರನೆಯದು ಬುದ್ಧಿವಂತರ ಆಕ್ಷೇಪ. ದೊಡ್ಡ ಜಾಲಮಾರುಕಟ್ಟೆಗಳಿವೆ, ಅಲ್ಲಿ ಹಾಕಿ, ಸ್ವಲ್ಪ ದುಡ್ಡು ಕೊಟ್ಟು ಜಾಹೀರಾತು ಮಾಡಿ, ಮನೆಮನೆ ಮಾತು ಯಾಕೆ? ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು. ಗಡಿಯಲ್ಲಿರುವವರಿಗೆ ಮಾತ್ರ ತಟ್ಟುವ ವಿಷಯವೊಂದು ಇದರೊಳಗಿದೆ.

ಜಿಎಸ್‌ಟಿ ಬಂದ ಮೇಲೆ ಜಾಲಮಾರುಕಟ್ಟೆಯ ಮೂಲಕ ವಸ್ತು ಮಾರುವವರು ಎಷ್ಟೇ ಸಣ್ಣವರಾದರೂ ನೋಂದಣಿ ಮಾಡಿಸಲೇಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಸಂತೋಷ. ಆದರೆ ವಿನಾಯಿತಿ ಸ್ವಂತ ರಾಜ್ಯದ ಒಳಗಿನ ಮಾರಾಟಕ್ಕೆ ಮಾತ್ರ! ಅಂದರೆ ಮಂಗಳೂರಿನ ಗೃಹಿಣಿಯೊಬ್ಬಳು ನೋಂದಣಿಯಿಲ್ಲದೆ ಬೀದರದವರೆಗೆ ಮಾರಬಹುದು. ಮಂಜೇಶ್ವರದ ಗೃಹಿಣಿ ಅದೇ ದಾರಿಯಲ್ಲಿ ಮಂಗಳೂರಿಗೆ ಮಾರುವಂತಿಲ್ಲ. ತಿರುವನಂತಪುರದವರೆಗೆ ಮಾರಬಹುದು, ಆದರೆ ಅಲ್ಲಿ ಹಾಳೆಟೊಪ್ಪಿಯನ್ನೋ ಕನ್ನಡ ಅಕ್ಷರ ಹೆಣೆದ ತೋರಣವನ್ನೋ ಕೇಳುವವರು ಯಾರು? ನಮ್ಮ ಗಿರಾಕಿ ಇರುವುದು ಪುತ್ತೂರು, ಸುಳ್ಯ, ಮಂಗಳೂರು, ಬೆಂಗಳೂರುಗಳಲ್ಲಿ. 1956ರಲ್ಲಿ ಎಳೆದ ಗೆರೆ ಈಗ ಒಂದು ತೋರಣದ ಮೇಲೂ ಹಾದುಹೋಗುತ್ತದೆ.

ಇನ್ನೊಂದು ಬಾಗಿಲು ತೆರೆದಿದೆ, ಅದು ಬಹಳ ಮಂದಿಗೆ ಗೊತ್ತಿಲ್ಲ. ನಡುವೆ ಜಾಲಮಾರುಕಟ್ಟೆ ಇಲ್ಲದೆ ನೇರವಾಗಿ ಮಾರುವುದಾದರೆ, ಸರ್ಕಾರದ ಕರಕುಶಲ ಪಟ್ಟಿಯಲ್ಲಿರುವ, ಬಹುಪಾಲು ಕೈಯಿಂದಲೇ ಮಾಡಿದ ವಸ್ತುಗಳನ್ನು, ವರ್ಷದ ಒಟ್ಟು ವಹಿವಾಟು 20 ಲಕ್ಷ ಮೀರದವರು ನೋಂದಣಿಯಿಲ್ಲದೆ ಬೇರೆ ರಾಜ್ಯಕ್ಕೂ ಕಳುಹಿಸಬಹುದು. ಪಾನ್ ಕಾರ್ಡು, ಇ-ವೇ ಬಿಲ್ಲು ಬೇಕು. ತಮ್ಮ ವಸ್ತು ಆ ಪಟ್ಟಿಯಲ್ಲಿದೆಯೇ ಎಂದು ಅವರವರೇ ನೋಡಿಕೊಳ್ಳಬೇಕು. (20 ಲಕ್ಷ ಎಂದಾಗ ತಾಯಂದಿರೆಲ್ಲ ನಕ್ಕುಬಿಟ್ಟರು. ಇಡೀ ಗುಂಪಿನದ್ದು ಕೂಡಿಸಿದರೂ ಆಗಲಿಕ್ಕಿಲ್ಲವಂತೆ.) ಹಾಗಾಗಿ ನಮ್ಮವರಿಗೆ ಗಡಿ ದಾಟಲು ಸುಲಭವಾದ ದಾರಿ ನೇರ ಮಾರಾಟ. ನೇರ ಮಾರಾಟಕ್ಕೆ ಗಿರಾಕಿ ಬರಬೇಕಾದರೆ ಯಾರೋ ಪರಿಚಯದವರು "ಇವರು ಚೆನ್ನಾಗಿ ಮಾಡುತ್ತಾರೆ, ನಾನು ತೆಗೆದುಕೊಂಡಿದ್ದೇನೆ" ಎನ್ನಬೇಕು. ಅದನ್ನು ನಿಲ್ಲಿಸುತ್ತೇವೆ ಎನ್ನುವವರು ಇರುವ ಒಂದೇ ಕಾಲುಸಂಕದ ಹಲಗೆ ಕಿತ್ತು ಒಲೆಗೆ ಹಾಕುತ್ತಿದ್ದಾರೆ.

ದುಡ್ಡು ಕೊಟ್ಟು ಹಾಕುವ ಜಾಹೀರಾತಿನ ಕಥೆ ಹೆಚ್ಚು ಹೇಳುವುದಿಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ಕೇ ಹೇಳಿತು, ಅಂಗಡಿಗಳ ಪುಟಕ್ಕಿಂತ ಸ್ನೇಹಿತರು, ಮನೆಯವರು ಹಾಕಿದ್ದನ್ನೇ ಮುಂದೆ ತೋರಿಸುತ್ತೇವೆ ಎಂದು. ಅಂದರೆ ಅಂಗಡಿ ಕೂಗಿದರೆ ಕೇಳಿಸದು, ಅಕ್ಕ ಹೇಳಿದರೆ ಕೇಳಿಸುತ್ತದೆ. ಅಂಗಡಿ ಕೂಗಬೇಕಾದರೆ ದುಡ್ಡು.

ಇದೆಲ್ಲ ಹಳ್ಳಿಯವರ ಉಪಾಯ ಎಂದು ಮೂಗು ಮುರಿಯುವವರು ಎಟ್ಸಿ ಎಂಬ ಜಾಲಮಾರುಕಟ್ಟೆಯನ್ನು ನೋಡಲಿ. 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕೈಕೆಲಸದವರಿಗೆಂದೇ ಶುರುವಾದದ್ದು. ಮೊದಲ ವರ್ಷಗಳಲ್ಲಿ ಅಲ್ಲಿ 'ಟ್ರೆಷರಿ' ಎಂಬ ಏರ್ಪಾಡಿತ್ತು. ಮಾರುವವರೇ ಬೇರೆ ಬೇರೆ ಅಂಗಡಿಗಳಿಂದ 16 ವಸ್ತು ಆರಿಸಿ, ಜೋಡಿಸಿ, ಊರಿಗೆಲ್ಲ ತೋರಿಸುವುದು. ಆ ಏರ್ಪಾಡು ಈಗಿಲ್ಲ. ಮಾರಾಟದ ಮೇಲಿನ ಶುಲ್ಕ ಮಾತ್ರ 2018ರಲ್ಲಿ ಶೇಕಡಾ 3.5ರಿಂದ 5ಕ್ಕೆ, 2022ರಲ್ಲಿ 6.5ಕ್ಕೆ ಏರಿತು. 2022ರ ಏಪ್ರಿಲ್‌ನಲ್ಲಿ ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ಶುಲ್ಕ ಇಳಿಯಲಿಲ್ಲ, ಅದು ಬೇರೆ ಮಾತು. ಆದರೆ ಒಬ್ಬರಿಗೊಬ್ಬರು ಗೊತ್ತೇ ಇಲ್ಲದವರಿಂದ ಒಂದು ದಿನದ ಮುಷ್ಕರವೂ ಆಗುತ್ತಿರಲಿಲ್ಲ ಎಂಬುದು ನಮ್ಮ ಅನಿಸಿಕೆ.

ಇನ್ನು ನಮ್ಮದೇ ತಪ್ಪಿಗೆ ಬರೋಣ. ಆ 11 ಹೆಬ್ಬೆರಳುಗಳಿಗೆ ಕಾರಣ ಬಹುಪಾಲು ನಾವೇ. ಮೇಷ್ಟರ ಬುದ್ಧಿ ಎಲ್ಲಿಗೆ ಹೋಗುತ್ತದೆ? ಗುಂಪು ಬೆಳೆದಾಗ ಟೈಮ್‌ಟೇಬಲ್ ಹಾಕಿಕೊಟ್ಟೆವು. ಸೋಮವಾರ ಇವರದ್ದು, ಮಂಗಳವಾರ ಅವರದ್ದು, ಪ್ರತಿಯೊಬ್ಬರೂ ದಿನಕ್ಕೆ 5 ಫೋಟೋ ಹಂಚಲೇಬೇಕು, ಹಂಚದವರ ಹೆಸರು ಶನಿವಾರ ಹೊರಗೆ! ಎರಡೇ ತಿಂಗಳಲ್ಲಿ ಅದು ಮಗ್ಗಿ ಹೇಳಿದ ಹಾಗಾಯಿತು. ಕಣ್ಣು ಮುಚ್ಚಿ ಮುಂದೂಡುವುದು, ಎಲ್ಲದಕ್ಕೂ "ಸೂಪರ್", ಎಲ್ಲದಕ್ಕೂ ಹೃದಯ. ವಾಟ್ಸಾಪ್ 2018ರಿಂದಲೇ ಮುಂದೂಡಿದ್ದಕ್ಕೆ ಗುರುತು ಹಾಕುತ್ತದೆ. ಆ ಬಾಣ ಕಂಡ ಕೂಡಲೇ ಓದುವವರು ಮುಂದೆ ಹೋಗುತ್ತಾರೆ. ಹೀಗೆ ಹಂಚಿದ್ದರಿಂದ ಒಂದು ಚೀಲವೂ ಮಾರಿಹೋದಂತೆ ಕಾಣೆವು. ಜನರಿಗೆ ಸಾಕಾಯಿತು. ಅವರಿಗೆ ಸಾಕಾದದ್ದು ನಮ್ಮ ಟೈಮ್‌ಟೇಬಲ್ಲು, ಅವರು ಕಿತ್ತೆಸೆದದ್ದು ಮುಯ್ಯಾಳನ್ನು.

ಮೊದಲು ಹೇಗಿತ್ತು ನೆನಪಿಸಿಕೊಳ್ಳಿ. ಚಾಪೆ ತೆಗೆದುಕೊಂಡವರೊಬ್ಬರು ಅದರ ಮೇಲೆ ಮಗು ಮಲಗಿದ ಫೋಟೋ ಹಾಕಿ, "ನಾಲ್ಕು ತಿಂಗಳಾಯಿತು, ಅಂಚು ಬಿಟ್ಟಿಲ್ಲ. ಹೊಸದರಲ್ಲಿ ಸ್ವಲ್ಪ ಹಸಿ ವಾಸನೆ ಇತ್ತು, ಬಿಸಿಲಿಗೆ ಹಾಕಿದ ಮೇಲೆ ಹೋಯಿತು" ಎಂದು ಬರೆದಿದ್ದರು. ವಾಸನೆಯ ವಿಷಯ ಬರೆದದ್ದಕ್ಕೆ ಆಗ ಗುಂಪಿನಲ್ಲಿ ಸ್ವಲ್ಪ ಮುನಿಸು ಕೂಡ ಆಯಿತು. ಆದರೆ ಆ ವಾರವೇ ಮೂರು ಚಾಪೆ ಹೋಯಿತು, ಅದರಲ್ಲಿ ಎರಡು ಬೆಂಗಳೂರಿಗೆ. ದಿನಕ್ಕೆ ಐದು ಬೇಡ, ತಿಂಗಳಿಗೆ ಒಂದೇ ಸಾಕು. ಆದರೆ ನೀವು ಕೈಯಲ್ಲಿ ಮುಟ್ಟಿದ್ದು, ಬಳಸಿದ್ದು ಇರಲಿ. ನಿಮ್ಮದೇ ಎರಡು ಸಾಲಿರಲಿ, ಕುಂದಿದ್ದರೆ ಅದೂ ಇರಲಿ. ಕನ್ನಡದಲ್ಲಿರಲಿ. ಪುತ್ತೂರಿನವರಿಗೆ ಇಂಗ್ಲಿಷಿನಲ್ಲಿ ಚಾಪೆ ಮಾರುವ ಹುಚ್ಚು ಯಾಕೆ ಎಂದು ನಮಗೆ ಇಂದಿಗೂ ಅರ್ಥವಾಗಿಲ್ಲ.

ಮಾಡಿದವರ ಮಾತು ಅದರಲ್ಲಿ ಇರಲೇಬೇಕು. ಒಮ್ಮೆ ಒಬ್ಬರು ಕೊರಗ ಸಮುದಾಯದವರಿಂದ ಬೀಳಿನ ಬುಟ್ಟಿಗಳನ್ನು ಸಂತೆಯ ಬೆಲೆಗೆ ಕೊಂಡು "ನಮ್ಮ ಕೈಕೆಲಸ" ಎಂದು ಹಾಕಿದಾಗ ಗುಂಪಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ, ನಾವೂ ಸೇರಿ. ಆ ಕಾಡುಬಳ್ಳಿ ತಂದು ಹೆಣೆದವರ ಊರು, ಕೈ, ಕೇಳಿದ ಬೆಲೆ ಯಾವುದೂ ಅಲ್ಲಿರಲಿಲ್ಲ. ಅಂಥದ್ದನ್ನು ನೂರು ಮಂದಿ ಹಂಚಿದರೂ ಅದು ಮುಯ್ಯಿ ಅಲ್ಲ.

"ಮಾಷ್ಟ್ರೇ, ಶಾಲೆಗೂ ಇದಕ್ಕೂ ಎಂತ ಸಂಬಂಧ?" ಎಂದು ಪಿಟಿಎ ಸಭೆಯಲ್ಲಿ ಕೇಳಿದವರೂ ಇದ್ದಾರೆ. ಪ್ರತಿ ವರ್ಷ ವೃತ್ತಿಪರಿಚಯ ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಓಲೆಯ ಕೆಲಸ, ಬಿದಿರಿನ ಕೆಲಸ, ತೆಂಗಿನ ನಾರಿನ ಕಾಲೊರಸು, ಕೊಡೆ ತಯಾರಿ, ಎಲ್ಲ ಸ್ಥಳದಲ್ಲೇ ಮಾಡಿ ತೋರಿಸುವ ಸ್ಪರ್ಧೆಗಳು. ಎ ಗ್ರೇಡು ಬಂದರೆ ಅಸೆಂಬ್ಲಿಯಲ್ಲಿ ಚಪ್ಪಾಳೆ. ಆಮೇಲೆ ಆ ವಸ್ತು ಕಪಾಟಿನ ಮೇಲೆ ಧೂಳು ಹಿಡಿಯುತ್ತದೆ. ಮಗುವಿಗೆ ಈ ವಿದ್ಯೆ ಕಲಿಸಿದ ಅಜ್ಜಿಯ ಚಾಪೆ ಮಾರಿಹೋಗದಿದ್ದರೆ ಆ ಎ ಗ್ರೇಡಿಗೆ ಏನರ್ಥ? ಇನ್ನೂ ಒಂದು ಮಾತು. ಕನ್ನಡ ಮಾಧ್ಯಮಕ್ಕೆ ಯಾಕೆ ಸೇರಿಸಬೇಕು, ಕನ್ನಡದಿಂದ ಅನ್ನ ಹುಟ್ಟುತ್ತದೆಯೇ ಎಂದು ಜೂನ್ ತಿಂಗಳಲ್ಲಿ ಕೇಳುವ ತಂದೆ ತಾಯಂದಿರಿಗೆ ನಾವು ಭಾಷಣ ಮಾಡುವುದು ಬಿಟ್ಟು ತೋರಿಸಬಹುದಾದದ್ದು ಬಹಳ ಕಡಿಮೆ. ಕನ್ನಡದಲ್ಲಿ ಬರೆದ ಎರಡು ಸಾಲು ಓದಿ ಗಡಿಯಾಚೆಯಿಂದ ಹಣ ಬಂದದ್ದನ್ನು ತೋರಿಸಬಹುದು.

ಅಜ್ಜಿಯ ಮೊಮ್ಮಗಳು ಮೊನ್ನೆ ಕಾಪಿ ಪುಸ್ತಕದ ಹಾಳೆಯಲ್ಲಿ ಬರೆದು ತಂದುಕೊಟ್ಟಿದ್ದಾಳೆ. ಒಂದು ಕಾಗುಣಿತ ತಪ್ಪಿದೆ, ತಿದ್ದಿಲ್ಲ. ಸೂಚನೆ ಏನೇ ಇರಲಿ, ಇಂದು ರಾತ್ರಿ ಅದನ್ನು ಗುಂಪಿಗೆ ನಾವೇ ಹಾಕುತ್ತೇವೆ. ತೆಗೆದುಹಾಕುವವರು ನಮ್ಮನ್ನು ತೆಗೆದುಹಾಕಲಿ. ಚಾಪೆ ಆರಡಿ ಉದ್ದ, ಮೂರಡಿ ಅಗಲ, ಬಣ್ಣ ಹಾಕಿದ್ದಲ್ಲ, ಸದ್ಯಕ್ಕೆ ಒಂದೇ ಇದೆ. ಮುಂದಿನದಕ್ಕೆ ಮಳೆ ಬಿಡಬೇಕು.