ಸ್ವಂತ ಸೈಟು ಮತ್ತು ಪ್ರಶ್ನಾರ್ಥಕ ಚಿಹ್ನೆಗಳು

ಮೊನ್ನೆ ಅಂಕೋಲೆಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ಹಳೆಯ ಬ್ಲಾಗಿಗ ಗೆಳೆಯ. ಪಾಯಸ ಬರುವ ಮೊದಲೇ ಶುರು ಮಾಡಿದ. "ಇನ್ನೂ ಆ ಬಿಟ್ಟಿ ಜಾಗದಲ್ಲೇ ಬರೀತಿದ್ಯನೋ ಮಾರಾಯಾ? ಒಂದು ಡೊಮೇನ್ ತಗೋ, ವರ್ಡ್‌ಪ್ರೆಸ್ ಹಾಕ್ಕೋ. ಸೀರಿಯಸ್ಸಾಗಿ ಬರೆಯೋನಿಗೆ ಸ್ವಂತ ಮನೆ ಬೇಕು."

ಈ ಮಾತನ್ನು ನಿಮ್ಮಲ್ಲೂ ಬಹಳ ಜನ ಹೇಳಿದ್ದೀರಿ. ಊಟದ ಪಂಕ್ತಿಯಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ಕಾರವಾರಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದ್ದನ್ನು ಇಲ್ಲಿ ಬರೀತಿದ್ದೇನೆ.

ನನಗೂ ಸ್ವಂತ ಮನೆ ಇತ್ತು ಸ್ವಾಮೀ. 2006ರಲ್ಲಿ ಕಟ್ಟಿದ್ದೆ. ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಕೂತು, ಎಫ್‌ಟಿಪಿಯಲ್ಲಿ ಒಂದೊಂದೇ ಫೈಲು ಏರಿಸಿ ಕಟ್ಟಿದ ಮನೆ. ಅದರಲ್ಲಿ ಹೆಚ್ಚಿನವು ಅಂಕೋಲೆಯ ನನ್ನ ಅಜ್ಜಿ ಹೇಳಿದ ಸಂಗತಿಗಳು. ಬಂಡಿಹಬ್ಬದ ದಿನ ಯಾರ ಮನೆಯಲ್ಲಿ ಏನು ಅಡುಗೆ, ಮೀನು ಪೇಟೆಯಲ್ಲಿ ಚೌಕಾಸಿ ಹೇಗೆ, ಕರಿ ಇಶಾಡನ್ನೂ ಬಿಳಿ ಇಶಾಡನ್ನೂ ಮುಟ್ಟಿಯೇ ಹೇಗೆ ಗುರುತಿಸಬೇಕು, ಇಂಥವು. ಅಜ್ಜಿ ಹೇಳುತ್ತಿದ್ದರು, ನಾನು ಚೀಟಿಯಲ್ಲಿ ಗೀಚಿಕೊಂಡು ಬಂದು ಟೈಪಿಸುತ್ತಿದ್ದೆ. ಟೈಪಿಸಿದ ಮೇಲೆ ಚೀಟಿ ಎಸೆಯುತ್ತಿದ್ದೆ. ಅಂತರ್ಜಾಲದಲ್ಲಿ ಇದೆಯಲ್ಲ ಅಂತ!

2008ರ ಮಳೆಗಾಲದಲ್ಲಿ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದೆ. ಮರುಕ್ಷಣ ಕನ್ನಡವೆಲ್ಲ ಮಾಯ. ಪುಟದ ತುಂಬ ತಲೆಯ ಮೇಲೆ ಗೀಟು ಎಳೆದ ಒಂದು ಫ್ರೆಂಚ್ 'ಎ', ಅದರ ಬಾಲಕ್ಕೆ ಪುಟ್ಟ 2 ಅಥವಾ 3, ಮತ್ತೆ ಅದೇ 'ಎ'. ನಿಮ್ಮಲ್ಲಿ ಕೆಲವರು ಈ ಪ್ರಾಣಿಯನ್ನು ನೋಡಿರುತ್ತೀರಿ :)

ಯಾಕೆ ಹಾಗಾಯಿತು ಅಂತ ಆಗ ಗೊತ್ತಿರಲಿಲ್ಲ, ಆಮೇಲೆ ಕಲಿತೆ. ಯುನಿಕೋಡ್ ಕನ್ನಡದ ಪ್ರತಿ ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟು. ಆದರೆ ಮೈಎಸ್‌ಕ್ಯೂಎಲ್ ಡೇಟಾಬೇಸು ಯಾರೂ ಏನೂ ಹೇಳದಿದ್ದರೆ ಎಲ್ಲವನ್ನೂ ಲ್ಯಾಟಿನ್-1 ಅಂತಲೇ ಇಟ್ಟುಕೊಳ್ಳುತ್ತಿತ್ತು, ಅಕಾರಾದಿ ಜೋಡಣೆಗೆ ಸ್ವೀಡಿಷ್ ಕ್ರಮ. ಅದನ್ನು ಹುಟ್ಟುಹಾಕಿದ ಕಂಪನಿ ಸ್ವೀಡನ್ನಿನದು, ಅದಕ್ಕೆ. ಅಂದರೆ ನನ್ನ ಅಜ್ಜಿಯ ಅಂಕೋಲೆ ಕನ್ನಡ ಎರಡು ವರ್ಷ ಸ್ವೀಡಿಷ್ ವೇಷದಲ್ಲಿ ಕೂತಿತ್ತು! ಇಡುವಾಗಲೂ ತೆಗೆಯುವಾಗಲೂ ಒಂದೇ ತಪ್ಪು ಆಗುತ್ತಿದ್ದುದರಿಂದ ಪರದೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತಿತ್ತು. 2007ರ ಮೇ ತಿಂಗಳಲ್ಲಿ ಬಂದ ವರ್ಡ್‌ಪ್ರೆಸ್ 2.2ರಿಂದ ಕಾನ್ಫಿಗ್ ಫೈಲಿನಲ್ಲಿ 'ಇದು ಯುಟಿಎಫ್-8' ಅಂತ ಹೇಳುವ ಒಂದು ಸಾಲು ಸೇರಿತು. ಹಳೇ ಸೈಟಿಗೆ ಆ ಹೊಸ ಫೈಲನ್ನು ತಂದು ಹಾಕಿದವರ ಗತಿ ನನ್ನ ಗತಿಯೇ.

ಇಲ್ಲಿಯವರೆಗೆ ಏನೂ ಕಳೆದಿರಲಿಲ್ಲ, ಗಮನಿಸಿ. ಆ ಸಾಲನ್ನು ಅಳಿಸಿದ್ದರೆ ಕನ್ನಡ ವಾಪಸ್ ಬರುತ್ತಿತ್ತು. ಪಕ್ಕಾ ದುರಸ್ತಿ ಬೇಕೆಂದರೆ ಕಾಲಮ್ಮನ್ನು ಮೊದಲು ಬ್ಲಾಬ್ ಮಾಡಿ, ಆಮೇಲೆ ಯುಟಿಎಫ್-8 ಟೆಕ್ಸ್ಟ್ ಮಾಡಬೇಕು. ನೇರವಾಗಿ ಕನ್ವರ್ಟ್ ಕೊಟ್ಟರೆ ಕಸವೇ ಕಾಯಂ. ಇಷ್ಟನ್ನು ಯಾರಾದರೂ ಕನ್ನಡದಲ್ಲಿ ಬರೆದಿಟ್ಟಿದ್ದರೆ! ಹುಡುಕಿದಾಗ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಇಂಗ್ಲಿಷಿನಲ್ಲಿ ಸಿಕ್ಕಿದ್ದು ನನ್ನ ತಲೆಗೆ ಹತ್ತಲಿಲ್ಲ. ಹೋಸ್ಟಿಂಗಿನವರಿಗೆ ಮಿಂಚಂಚೆ ಹಾಕಿದೆ. 'ಫಾಂಟ್ ಸಮಸ್ಯೆ ಇರಬೇಕು' ಅಂದರು. ಆಮೇಲೆ ಸಹಾಯ ಮಾಡುತ್ತೇವೆ ಅಂತ ಡೇಟಾಬೇಸನ್ನೇ ಎತ್ತಿ ಹೊಸ ಸರ್ವರಿಗೆ ಸಾಗಿಸಿದರು. ಈ ಸಲ ಆ ಫ್ರೆಂಚ್ 'ಎ' ಕೂಡ ಇಲ್ಲ. ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಅವರ ಬಳಿಯಿದ್ದ ಬ್ಯಾಕಪ್ಪಿನ ಮೇಲೆ ಅಷ್ಟರಲ್ಲಿ ಹೊಸ ಬ್ಯಾಕಪ್ ಕೂತಿತ್ತು. ನನ್ನ ಬಳಿ ಪ್ರತಿಯೇ ಇರಲಿಲ್ಲ. ತಪ್ಪು ನನ್ನದೂ ಇತ್ತು, ಒಪ್ಪುತ್ತೇನೆ.

ಕಸ ಕಂಡರೆ ಆಸೆ ಇದೆ, ಯಾಕೆಂದರೆ ಬೈಟುಗಳು ಒಳಗಿವೆ. ಆದರೆ ಡೇಟಾಬೇಸಿನ ಒಳಗೇ ಪ್ರಶ್ನಾರ್ಥಕ ಚಿಹ್ನೆ ಕೂತುಬಿಟ್ಟರೆ ಅಲ್ಲಿ ಉಳಿದಿರುವುದು ಅದೊಂದೇ. ಯಾವ ಪಂಡಿತನೂ ಅದರಿಂದ ಕನ್ನಡ ತೆಗೆಯಲಾರ.

ಮಿಂಚಂಚೆಯಲ್ಲಿ ನನ್ನ ಬರಹ ತರಿಸಿಕೊಳ್ಳುತ್ತಿದ್ದ ಓದುಗರೊಬ್ಬರ ಪೆಟ್ಟಿಗೆಯಿಂದ ಹನ್ನೊಂದು ಬರಹ ವಾಪಸ್ ಸಿಕ್ಕವು. ಇಶಾಡದ್ದು ಸಿಗಲಿಲ್ಲ. ಅಜ್ಜಿ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. 2023ರಲ್ಲಿ ಅಂಕೋಲೆಯ ಕರಿ ಇಶಾಡಕ್ಕೆ ಜಿಐ ಮಾನ್ಯತೆ ಸಿಕ್ಕಿತು ಅಂತ ಪತ್ರಿಕೆಯಲ್ಲಿ ಓದಿದಾಗ ಖುಷಿಗಿಂತ ಹೆಚ್ಚಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಸಿಪ್ಪೆಯ ಮೇಲೆ ಬೆರಳಿಟ್ಟು ಅಜ್ಜಿ ಏನು ಹೇಳಿದ್ದರು? ಅರ್ಧ ನೆನಪಿದೆ, ಅರ್ಧ ಇಲ್ಲ.

ಈಗ ಹೇಳಿ, ಆ ಮನೆ ಸ್ವಂತದ್ದಾಗಿತ್ತೇ?

ನಮ್ಮ ಕರಾವಳಿಯಲ್ಲಿ ಮನೆ ಕಟ್ಟಿದವನಿಗೆ ಒಂದು ವಿಷಯ ಗೊತ್ತು. ಪ್ರತಿ ಮಳೆಗಾಲದ ಮುಂಚೆ ಮಾಡು ಹತ್ತಬೇಕು, ಒಡೆದ ಹಂಚು ಬದಲಿಸಬೇಕು. 'ಮನೆ ಕಟ್ಟು' ಅನ್ನುವ ಹಿರಿಯರು ಇದನ್ನೂ ಹೇಳಿಯೇ ಹೇಳುತ್ತಾರೆ. 'ಸ್ವಂತ ಸೈಟು ಮಾಡು' ಅನ್ನುವ ನೀವು ಮಾತ್ರ ಇದನ್ನು ಹೇಳುವುದಿಲ್ಲ. ಪಿಎಚ್‌ಪಿ 7 ಬಂದಾಗ ಡೇಟಾಬೇಸಿನ ಜೊತೆ ಮಾತಾಡುವ ಹಳೆಯ ಫಂಕ್ಷನ್ನುಗಳನ್ನೇ ಕಿತ್ತುಹಾಕಿದರು. ಅವನ್ನು ನಂಬಿದ್ದ ಹಳೇ ಪ್ಲಗಿನ್ನಿನಿಂದ ಸೈಟು ಪೂರ್ತಿ ಬಿಳಿ ಪರದೆಯಾದರೆ ಬರೆಯುವವನು ಏನು ಮಾಡಬೇಕು?

ಇನ್ನೊಂದು ತಮಾಷೆ ಕೇಳಿ. ವರ್ಡ್‌ಪ್ರೆಸ್ಸಿನಲ್ಲಿ ಬರಹದ ಕೊಂಡಿಗೆ ಇರುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಚಿಹ್ನೆಯೂ, ಇಳಿ ದೀರ್ಘವೂ ಸೇರಿ, ಅಲ್ಲಿ 9 ಅಕ್ಷರ ತಿನ್ನುತ್ತದೆ. ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಖೇಲ್ ಖತಂ. 'ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು' ಅಂತ ಶೀರ್ಷಿಕೆ ಕೊಟ್ಟು ನೋಡಿ, ಕೊಂಡಿ 'ಮಾವಿನಹಣ' ಅಂತ ಮುರಿದು ನಿಲ್ಲುತ್ತದೆ. ಹಣ್ಣು ಹೋಗಿ ಹಣ! ಬ್ಲಾಗಿನಿಂದ ಹಣ ಬರುವುದು ಇಷ್ಟೇ :)

ಬಿಟ್ಟಿ ಜಾಗ ಶಾಶ್ವತವೇ ಅಂತ ನೀವು ಕೇಳುತ್ತೀರಿ, ಗೊತ್ತು. ಖಂಡಿತ ಅಲ್ಲ. 2006ರ ಜುಲೈಯಲ್ಲಿ ಸರ್ಕಾರ ಕೆಲವು ಪುಟಗಳನ್ನು ತಡೆಯಿರಿ ಅಂದದ್ದಕ್ಕೆ ನಮ್ಮ ದೇಶದ ಸೇವಾದಾರರು ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿದ್ದು ಹಳಬರಿಗೆ ನೆನಪಿರಬಹುದು. 2009ರಲ್ಲಿ ಯಾಹೂ ತನ್ನ ಜಿಯೋಸಿಟೀಸನ್ನು ಎಲ್ಲಾ ಪುಟಗಳ ಸಮೇತ ಎತ್ತಿಬಿಟ್ಟಿತು. ಈ ಜಾಗವೂ ನಾಳೆ ಹೋಗಬಹುದು. ಆದರೆ ಇಲ್ಲಿ ಹಂಚು ಸರಿಮಾಡುವ ಕೆಲಸ ನನ್ನದಲ್ಲ. ಆ ಸಮಯದಲ್ಲಿ ನಾನು ಬರೆಯಬಹುದು. ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲ ಬರಹಗಳ ಬ್ಯಾಕಪ್ ಇಳಿಸಿಕೊಂಡು, ನೋಟ್‌ಪ್ಯಾಡಿನಲ್ಲಿ ತೆರೆದು, ಕನ್ನಡ ಕನ್ನಡವಾಗಿಯೇ ಇದೆಯೇ ಅಂತ ಕಣ್ಣಾರೆ ನೋಡಿ, ಎರಡು ಕಡೆ ಇಡುತ್ತೇನೆ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ನನ್ನದು ಅನ್ನುವುದು ಆ ಫೈಲು. ವಿಳಾಸ ಯಾರದ್ದಾದರೇನು?

ಸ್ವಂತ ಸೈಟು ಮಾಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಕಾಲ ಸುಧಾರಿಸಿದೆ. 2018ರ ಮೈಎಸ್‌ಕ್ಯೂಎಲ್ 8ರಿಂದ ಲ್ಯಾಟಿನ್-1 ತಾನಾಗಿ ಬರುವುದೂ ತಪ್ಪಿದೆ. ಕೈಲಾಗುವವರು ಮಾಡಿ, ಖುಷಿ. ಆದರೆ ಡೊಮೇನ್ ಇಲ್ಲದವನು ಹವ್ಯಾಸಿ, ಇದ್ದವನು ಲೇಖಕ ಎಂಬ ಈ ಹೊಸ ಜಾತಿಪದ್ಧತಿ ಸಾಕು. ನಿಮ್ಮ ಸೈಟು ಕೆಟ್ಟು, ರಾತ್ರಿಯಿಡೀ ಕೂತು ಸರಿಮಾಡಿದ್ದೀರಾ? ಹೇಗೆ ಅಂತ ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಯಾವ ಸಾಲು, ಯಾವ ಫೈಲು, ಏನನ್ನು ಮುಟ್ಟಬಾರದು ಅಂತ. 2008ರಲ್ಲಿ ಅಂಥ ಒಂದು ಪುಟ ನನಗೆ ಸಿಕ್ಕಿದ್ದರೆ ನನ್ನ ಅಜ್ಜಿಯ ಇಶಾಡ ಇವತ್ತು ಇರುತ್ತಿತ್ತು.

ಏನಂತೀರಿ? ಬೈಯುವುದಿದ್ದರೂ ಕನ್ನಡದಲ್ಲೇ ಬೈಯಿರಿ, ಅದರ ಪ್ರತಿಯನ್ನೂ ತೆಗೆದಿಡುತ್ತೇನೆ :)